ಕೋಳಿಯ ಕಾಲಿನಲ್ಲಿ ನಾಲ್ಕು ಅಂಗಾಂಶಗಳನ್ನು ಗುರುತಿಸುವುದು ಹೇಗೆ?

ಮನುಷ್ಯನ ದೇಹದಲ್ಲಿರುವ ಅಂಗಾಂಶಗಳು, ಅಂದರೆ ಒಂದೇ ಕೆಲಸಕ್ಕೆ ಒಟ್ಟುಗೂಡಿದ ಜೀವಕೋಶಗಳ ಗುಂಪುಗಳು, ಮೂಲತಃ ನಾಲ್ಕು ಬಗೆ: ಅನುಲೇಪಕ, ಸಂಯೋಜಕ, ಸ್ನಾಯು ಮತ್ತು ನರ. ಶಾಲಾ ಮಕ್ಕಳು ಬಾಯಿಪಾಠ ಮಾಡುವ ಈ ಹೆಸರುಗಳನ್ನು, ಭಾನುವಾರ ಕೋರಿ ಸುಕ್ಕಕ್ಕೆಂದು ತರುವ ಕೋಳಿಯಲ್ಲಿಯೇ ಮುಟ್ಟಿ ತಿಳಿಯಬಹುದು. ಮಂಗಳೂರಿನ ಅಂಗಡಿಗಳಲ್ಲಿ ಹೆಚ್ಚಾಗಿ ಚರ್ಮ ಸುಲಿದು ತುಂಡು ಮಾಡಿಯೇ ಕೊಡುವುದರಿಂದ, ಒಂದು ಕಾಲನ್ನು ಚರ್ಮ, ತೊಡೆ, ಪಾದ ಸಮೇತ ಇಡಿಯಾಗಿ ಕೊಡುವಂತೆ ಮೊದಲೇ ಹೇಳಬೇಕು.

ಮೊದಲು ಚರ್ಮವನ್ನು ನೋಡಿ. ಅದರ ಹೊರಪದರ ಮಾತ್ರ ಅನುಲೇಪಕ ಅಂಗಾಂಶ. ಅಲ್ಲಿ ಜೀವಕೋಶಗಳು ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ, ರಕ್ತನಾಳಗಳಿರುವುದಿಲ್ಲ. ಮಾಂಸ ತರದ ಮನೆಯವರು ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಮೆಲ್ಲನೆ ಕೆರೆದು, ಗಾಜಿನ ಪಟ್ಟಿಗೆ ಸವರಿ, ಕೋಶಗಳಿಗೆ ಬಣ್ಣ ಕೊಡುವ ಮಿಥಿಲೀನ್ ಬ್ಲೂ ಒಂದು ಹನಿ ಹಾಕಿ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಇದೇ ಬಗೆಯ ಚಪ್ಪಟೆ ಕೋಶಗಳನ್ನು ಕಾಣಬಹುದು.

ಚರ್ಮವನ್ನು ಎಳೆದಾಗ ಅದನ್ನು ಮಾಂಸಕ್ಕೆ ಹಿಡಿದಿಟ್ಟಿರುವ ತೆಳುವಾದ ಬಿಳಿ ಪೊರೆ ಕಾಣುತ್ತದೆ. ಇಲ್ಲಿಂದ ಸಂಯೋಜಕ ಅಂಗಾಂಶ ಆರಂಭ, ನನ್ನ ಮಟ್ಟಿಗೆ ಇದೇ ಅತ್ಯಂತ ಸ್ವಾರಸ್ಯದ ಭಾಗ. ಹಳದಿ ಕೊಬ್ಬು, ಮೂಳೆ, ಮೂಳೆಯ ತುದಿಯಲ್ಲಿ ಉಗುರು ಒತ್ತಿದರೆ ತುಸು ತಗ್ಗುವ ನುಣುಪಾದ ಮೃದ್ವಸ್ಥಿ, ರಕ್ತ ಕೂಡ ಇದೇ ಗುಂಪಿನವು. ಏಕೆಂದರೆ ಇವುಗಳಲ್ಲಿ ಬಹುಮಟ್ಟಿಗೆ ಕೋಶಗಳ ನಡುವಿನ ವಸ್ತುವೇ ಅಂಗಾಂಶದ ಗುಣವನ್ನು ನಿರ್ಧರಿಸುತ್ತದೆ. ಮೂಳೆಯಲ್ಲಿ ಅದು ಸುಣ್ಣದ ಲವಣಗಳಿಂದ ಗಟ್ಟಿಯಾಗಿದ್ದರೆ, ರಕ್ತದಲ್ಲಿ ದ್ರವವಾದ ಪ್ಲಾಸ್ಮಾ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಮನುಷ್ಯರ ಮೊಣಕಾಲಿನಲ್ಲಿ ಅದು ಸವೆದರೆ ಸುಲಭವಾಗಿ ಸರಿಹೋಗದಿರಲು ಇದೊಂದು ಮುಖ್ಯ ಕಾರಣ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳೂ ಸಂಯೋಜಕ ಅಂಗಾಂಶವೇ; ಪಾದದ ಮೇಲ್ಗಡೆ ಕತ್ತರಿಸಿ, ಆ ಜಾಗದಲ್ಲಿ ಇಣುಕುವ ಬಿಳಿ ರಜ್ಜುಗಳಲ್ಲಿ ಹಿಂಬದಿಯ ಒಂದನ್ನು ಇಕ್ಕಳದಿಂದ ಹಿಡಿದೆಳೆದರೆ ಬೆರಳುಗಳು ಮಡಚಿಕೊಳ್ಳುತ್ತವೆ.

ಸ್ನಾಯು ಎಂದರೆ ನಾವು ತಿನ್ನುವ ಮಾಂಸವೇ. ಬೇಯಿಸಿದ ತುಂಡನ್ನು ಬಿಡಿಸಿದಾಗ ಉದ್ದಕ್ಕೆ ಎದ್ದುಬರುವ ಎಳೆಗಳು ಸ್ನಾಯುತಂತುಗಳ ಕಟ್ಟುಗಳು. ಇವು ನಮ್ಮ ಇಚ್ಛೆಯಂತೆ ನಡೆಯುವ, ಸೂಕ್ಷ್ಮದರ್ಶಕದಲ್ಲಿ ಅಡ್ಡ ಪಟ್ಟೆಗಳು ಕಾಣುವ ಸ್ನಾಯುಗಳು. ಹೃದಯದ ಸ್ನಾಯುವಿಗೆ ಪಟ್ಟೆಗಳಿದ್ದರೂ ಅದು ಇಚ್ಛೆಗೆ ಒಳಪಟ್ಟಿಲ್ಲ, ಕರುಳಿನ ನಯ ಸ್ನಾಯುವಿಗೆ ಪಟ್ಟೆಗಳೇ ಇಲ್ಲ.

ಕೊನೆಗೆ ತೊಡೆಯ ಹಿಂಭಾಗದ ಸ್ನಾಯುಗಳನ್ನು ಚೂರಿಯಿಂದ ಕತ್ತರಿಸದೆ ಬೆರಳಿನಿಂದಲೇ ಬೇರ್ಪಡಿಸಿ. ನಡುವೆ ಉದ್ದಕ್ಕೆ ಹಾದುಹೋಗುವ ಬಿಳಿ ಎಳೆಯೇ ನರ. ಮನುಷ್ಯರಲ್ಲಿ ಬೆನ್ನುಹುರಿಯಿಂದ ಪಾದದವರೆಗೆ ಸಾಗುವ ಒಂದೇ ನರಕೋಶದ ತಂತು ಸುಮಾರು 1 ಮೀಟರ್ ಉದ್ದವಿರಬಲ್ಲದು. ಹಸಿ ಮಾಂಸ ಮುಟ್ಟಿದ ಕೈ, ಹಲಗೆ, ಚೂರಿಗಳನ್ನು ಕೂಡಲೇ ಸಾಬೂನಿನಿಂದ ತೊಳೆಯಿರಿ; ಮಾಂಸವನ್ನು ಹೊರಗೆ ಹೆಚ್ಚು ಹೊತ್ತು ಇಡದಿದ್ದರೆ ಅಡುಗೆಗೆ ಬಳಸಲು ಅಡ್ಡಿಯಿಲ್ಲ.