ಡಿಸ್ಟ್‌ಫೈಲ್ಸ್ ಫೋಲ್ಡರ್ ತುಂಬಿ ತುಳುಕುತ್ತಿದೆಯೇ?

ಜೆಂಟೂ ಲಿನಕ್ಸ್ ಬಳಸುವವರ ಡಿಸ್ಕಿನಲ್ಲಿ ಸದ್ದಿಲ್ಲದೆ ಊದಿಕೊಳ್ಳುವ ಫೋಲ್ಡರ್ ಒಂದಿದೆ: ಡಿಸ್ಟ್‌ಫೈಲ್ಸ್. ಜೆಂಟೂದಲ್ಲಿ ಸಾಫ್ಟ್‌ವೇರ್ ಹಾಕುವ, ತೆಗೆಯುವ ವ್ಯವಸ್ಥೆಯಾದ ಪೋರ್ಟೇಜ್ ಮೂಲ ಕೋಡನ್ನು ಇಲ್ಲಿಗೆ ಇಳಿಸಿಕೊಂಡು ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡುತ್ತದೆ. ಕಂಪೈಲ್ ಮಾಡಿದ ಜಾಗವನ್ನು ಆಮೇಲೆ ತಾನೇ ಗುಡಿಸುತ್ತದೆ; ಇಳಿಸಿಕೊಂಡ ಫೈಲನ್ನು ಮಾತ್ರ ಹಾಗೇ ಬಿಡುತ್ತದೆ. ಎರಡು ವರ್ಷ ಅಪ್‌ಡೇಟ್ ಮಾಡುತ್ತ ಹೋದರೆ ಹತ್ತಾರು ಜಿಬಿ ಸೇರಿಕೊಳ್ಳುವುದು ಮಾಮೂಲು.

ಹೊಸದರಲ್ಲಿ ನಾನು ಇದನ್ನು ನೀಟಾಗಿ ಜೋಡಿಸಲು ಹೋಗಿದ್ದೆ. ಕರ್ನಲ್‌ಗೊಂದು, ಬ್ರೌಸರ್‌ಗೊಂದು, ಫಾಂಟ್‌ಗಳಿಗೊಂದು ಉಪಫೋಲ್ಡರ್. ಮುಂದಿನ ಸಲ ಎಮರ್ಜ್ (ಪೋರ್ಟೇಜಿನ ಮುಖ್ಯ ಕಮಾಂಡ್) ಓಡಿಸಿದಾಗ ಬೇಕಾದದ್ದನ್ನೆಲ್ಲ ಮೊದಲಿಂದ ಇಳಿಸತೊಡಗಿತು! ಪೋರ್ಟೇಜ್ ಹುಡುಕುವುದು ಫೋಲ್ಡರಿನ ಮೇಲ್ಮಟ್ಟದಲ್ಲಿ ಮಾತ್ರ, ಅದೂ ಇಬಿಲ್ಡ್ (ಪ್ಯಾಕೇಜನ್ನು ಹೇಗೆ ಕಟ್ಟಬೇಕೆಂದು ಹೇಳುವ ಫೈಲ್) ಹೇಳಿದ ಹೆಸರಿನಲ್ಲೇ. ಹಾಗಾಗಿ ಹೆಸರು ಬದಲಿಸುವುದೂ ಬೇಡ, ಒಳಗೆ ಸರಿಸುವುದೂ ಬೇಡ. ನಮ್ಮ ಕೈಯಲ್ಲಿರುವುದು ಎರಡೇ: ಎಲ್ಲಿಡಬೇಕು, ಏನನ್ನು ತೆಗೆಯಬೇಕು.

ಮೊದಲು ಈಗ ಎಲ್ಲಿದೆ ನೋಡಿ. ಟರ್ಮಿನಲ್ಲಿನಲ್ಲಿ ‘ಪೋರ್ಟೇಜ್‌ಕ್ಯೂ ಎನ್ವಾರ್ ಡಿಸ್ಟ್‌ಡಿರ್’ ಎಂದು ಕೇಳಿದರೆ ಜಾಗ ಹೇಳುತ್ತದೆ (ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿರಬೇಕು, ಡಿಸ್ಟ್‌ಡಿರ್ ದೊಡ್ಡಕ್ಷರದಲ್ಲಿ: portageq envvar DISTDIR). ಈಗಿನ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಅದು /ವಾರ್/ಕ್ಯಾಶ್/ಡಿಸ್ಟ್‌ಫೈಲ್ಸ್. ಬಹಳ ಹಳೆಯ ಇನ್‌ಸ್ಟಾಲ್ ಆದರೆ /ಯುಎಸ್‌ಆರ್/ಪೋರ್ಟೇಜ್ ಒಳಗಿರಬಹುದು.

ರೂಟ್ ಪಾರ್ಟಿಷನ್ ಚಿಕ್ಕದಾಗಿದ್ದರೆ ಬೇರೆ ಡಿಸ್ಕಿಗೆ ಸಾಗಿಸಿ. ಹೊಸ ಫೋಲ್ಡರ್ ಮಾಡಿ, ‘ಸಿಪಿ -ಎ’ ಮೂಲಕ ಫೈಲ್‌ಗಳನ್ನು ನಕಲಿಸಿ, /ಇಟಿಸಿ/ಪೋರ್ಟೇಜ್/ಮೇಕ್.ಕಾನ್ಫ್‌ನಲ್ಲಿ ಡಿಸ್ಟ್‌ಡಿರ್ ಎದುರು ಹೊಸ ದಾರಿ ಬರೆಯಿರಿ. ಹೊಸ ಫೋಲ್ಡರಿನ ಒಡೆತನ ‘ಪೋರ್ಟೇಜ್’ ಬಳಕೆದಾರ ಮತ್ತು ಗುಂಪಿಗೆ ಹೋಗಿದೆಯೇ ಅಂತ ನೋಡದೆ ಮುಂದೆ ಹೋಗಬೇಡಿ. ಡೌನ್‌ಲೋಡ್ ಮಾಡುವುದು ರೂಟ್ ಎಂಬ ನಿರ್ವಾಹಕ ಖಾತೆ ಅಲ್ಲ, ಆ ಬಳಕೆದಾರ. ಹಳೆಯ ಡಿಸ್ಕಿನಲ್ಲಿ ಸಂಗ್ರಹವೊಂದು ಬಿದ್ದಿದ್ದರೆ ಅದನ್ನು ನಕಲಿಸಲೇಬೇಕೆಂದೇನಿಲ್ಲ. ಪೋರ್ಟೇಜ್_ಆರ್‌ಓ_ಡಿಸ್ಟ್‌ಡಿರ್ಸ್ ಎಂಬ ವೇರಿಯೇಬಲ್‌ನಲ್ಲಿ ಆ ದಾರಿ ಕೊಟ್ಟರೆ ಸಾಕು, ಬೇಕಾದ ಫೈಲಿಗೆ ಪೋರ್ಟೇಜ್ ಸಿಮ್‌ಲಿಂಕ್ (ಮೂಲ ಫೈಲಿನತ್ತ ತೋರಿಸುವ ಕೊಂಡಿ) ಹಾಕಿಕೊಳ್ಳುತ್ತದೆ.

ಇನ್ನು ತೆಗೆಯುವ ಕೆಲಸ. ತಾರೀಖು ನೋಡಿ ಕೈಯಿಂದ ಅಳಿಸುವವರು ಎಡವುವುದು ಇಲ್ಲೇ. ಜೆಂಟೂದ ಕರ್ನಲ್ ಪ್ಯಾಕೇಜ್ ಆದ ಜೆಂಟೂ-ಸೋರ್ಸಸ್‌ನ 6.6 ಸರಣಿಯನ್ನೇ ನೋಡಿ. ‘ಲಿನಕ್ಸ್-6.6’ ಟಾರ್‌ಬಾಲ್ (ಮೂಲ ಕೋಡಿನ ಒತ್ತಿದ ಕಟ್ಟು) 2023ರದ್ದು, ನೂರು ಎಂಬಿಗೂ ಮೀರಿದ್ದು. ಪಟ್ಟಿಯಲ್ಲಿ ನೋಡಿದರೆ ಕಸದಂತೆಯೇ ಕಾಣುತ್ತದೆ. ಆದರೆ ಆ ಸರಣಿಯ ಪ್ರತಿ ಹೊಸ ಅಪ್‌ಡೇಟೂ ಇದೇ ಟಾರ್‌ಬಾಲಿನ ಮೇಲೆ ಜೆನ್‌ಪ್ಯಾಚಸ್ ಎಂಬ ಚಿಕ್ಕ ಫೈಲ್‌ಗಳನ್ನು ಹಾಕಿಕೊಂಡು ತಯಾರಾಗುತ್ತದೆ. ಹಳೆಯದೆಂದು ಅಳಿಸಿದರೆ ಮುಂದಿನ ಅಪ್‌ಡೇಟಿಗೆ ಅಷ್ಟೂ ಮತ್ತೆ ಇಳಿಯಬೇಕು.

ಆದ್ದರಿಂದ ಜೆಂಟೂಲ್‌ಕಿಟ್ ಎಂಬ ಸಲಕರಣೆ ಪ್ಯಾಕೇಜ್ ಹಾಕಿಕೊಂಡು ಅದರ ‘ಇಕ್ಲೀನ್-ಡಿಸ್ಟ್’ ಬಳಸಿ. ಮೊದಲ ಸಲ -ಪಿ ಸೇರಿಸಿ; ಏನೂ ಅಳಿಸದೆ ಪಟ್ಟಿ ಮಾತ್ರ ತೋರಿಸುತ್ತದೆ. ಯಾವ ಆಯ್ಕೆಯೂ ಇಲ್ಲದೆ ಓಡಿಸಿದರೆ ರೆಪಾಸಿಟರಿಯಲ್ಲಿ ಇಬಿಲ್ಡ್ ಇರುವ ಎಲ್ಲದರ ಫೈಲನ್ನೂ ಉಳಿಸುತ್ತದೆ, ನೀವು ಆ ಪ್ಯಾಕೇಜನ್ನು ಎಂದೋ ಕಿತ್ತುಹಾಕಿದ್ದರೂ. -ಡಿ ಕೊಟ್ಟರೆ ಈಗ ಇನ್‌ಸ್ಟಾಲ್ ಆಗಿರುವ ಆವೃತ್ತಿಗಳಿಗೆ ಬೇಕಾದದ್ದಷ್ಟೇ ಉಳಿಯುತ್ತದೆ. ನಾನು ಇದರ ಜೊತೆ -ಟಿ ಸೇರಿಸಿ ಎರಡು ವಾರದ ಈಚಿನ ಫೈಲ್‌ಗಳಿಗೆ ವಿನಾಯಿತಿ ಕೊಡುತ್ತೇನೆ. ಅಪ್‌ಡೇಟ್ ಕೈಕೊಟ್ಟರೆ ವಾಪಸ್ ಬರಲು ದಾರಿ ಇರಲಿ ಅಂತ.

-ಡಿ ಬಳಸುವಾಗ -ಎಫ್ ಕೂಡ ಇರಲಿ. ಕೆಲವು ಪ್ಯಾಕೇಜುಗಳ ಮೂಲವನ್ನು ಪೋರ್ಟೇಜ್ ತಾನಾಗಿ ಇಳಿಸುವುದಿಲ್ಲ; ನಾವೇ ಜಾಲತಾಣಕ್ಕೆ ಹೋಗಿ ತಂದಿಡಬೇಕು. ಅಂಥವನ್ನು -ಎಫ್ ಕಾಪಾಡುತ್ತದೆ. ನಿಮ್ಮ ಸ್ವಂತ ಫೈಲ್‌ಗಳನ್ನಂತೂ ಈ ಫೋಲ್ಡರಿನಲ್ಲಿ ಇಡಲೇಬೇಡಿ. ಯಾವ ಇಬಿಲ್ಡಿಗೂ ಗೊತ್ತಿಲ್ಲದ ಫೈಲ್ ಇಕ್ಲೀನ್ ಕಣ್ಣಿಗೆ ಕಸವೇ.

ಪಟ್ಟಿಯಲ್ಲಿ ‘ಚೆಕ್‌ಸಮ್_ಫೇಲ್ಯೂರ್’ ಎಂಬ ಬಾಲವಿರುವ ಹೆಸರು ಕಂಡರೆ ಗಾಬರಿ ಬೇಡ. ಇಳಿದ ಫೈಲಿನ ಲೆಕ್ಕ, ಇಬಿಲ್ಡ್ ಜೊತೆಗಿರುವ ಮ್ಯಾನಿಫೆಸ್ಟ್ ಫೈಲಿನಲ್ಲಿರುವ ಬ್ಲೇಕ್2ಬಿ, ಎಸ್‌ಎಚ್‌ಎ512 ಎಂಬ ಪರಿಶೀಲನಾ ಮೌಲ್ಯಗಳಿಗೆ ತಾಳೆಯಾಗದಿದ್ದಾಗ ಪೋರ್ಟೇಜ್ ಹೀಗೆ ಹೆಸರಿಟ್ಟು ಪಕ್ಕಕ್ಕಿಡುತ್ತದೆ. ಅವನ್ನು ಅಳಿಸಬಹುದು. ಗಿಟ್ ಎಂಬ ಕೋಡ್ ಭಂಡಾರದಿಂದ ನೇರ ಬರುವ, 9999 ಎಂಬ ಸಂಖ್ಯೆ ಹೊತ್ತ ಆವೃತ್ತಿಗಳ ಸರಕು ‘ಗಿಟ್3-ಎಸ್‌ಆರ್‌ಸಿ’ ಎಂಬ ಉಪಫೋಲ್ಡರಿನಲ್ಲಿ ಕೂತಿರುತ್ತದೆ. ಈಗ ಬಳಸದ ಪ್ಯಾಕೇಜಿನದು ಅಲ್ಲಿದ್ದರೆ ತೆಗೆಯಿರಿ. ಮುಂದೆಂದಾದರೂ ಬೇಕಾದರೆ ಇಡೀ ಭಂಡಾರ ಮತ್ತೆ ಕ್ಲೋನ್ (ನಕಲು) ಆಗುವವರೆಗೆ ಕಾಯಬೇಕು, ಅಷ್ಟೆ.