ಮ್ಯಾನೇಜರ್ ಹೊತ್ತಿಗೆ ಸರಿಯಾಗಿ ಊಟ ಮಾಡಿದರೆ ಲೈನ್ ಕೂಡ ಮಾಡುತ್ತದೆ: ಗಾರ್ಮೆಂಟ್ಸ್ ಫ್ಲೋರಿನ ನನ್ನ ಅನುಭವ

ಗಾರ್ಮೆಂಟ್ಸ್‌ನಲ್ಲಿ ದುಡಿದವರಿಗೆ ಇದು ಗೊತ್ತು. ಬೆಳಗಿನ ಪ್ರೊಡಕ್ಷನ್ ಮೀಟಿಂಗ್ ಮುಗಿಸಿ ಮ್ಯಾನೇಜರ್ ಯಾವ ಮುಖ ಹೊತ್ತು ಹೊರಗೆ ಬರುತ್ತಾರೋ, ಆ ದಿನ ಇಡೀ ಫ್ಲೋರ್ ಹಾಗೇ ಇರುತ್ತದೆ. ಮ್ಯಾನೇಜರ್ ಫ್ಲೋರ್ ಇನ್‌ಚಾರ್ಜ್ ಮೇಲೆ ರೇಗಿದರೆ ಇನ್‌ಚಾರ್ಜ್ ಸೂಪರ್‌ವೈಸರ್ ಮೇಲೆ, ಸೂಪರ್‌ವೈಸರ್ ಟೈಲರ್ ಮೇಲೆ. ಟೈಲರ್‌ಗೆ ಕೆಳಗೆ ಹೆಲ್ಪರ್ ಹುಡುಗಿ ಬಿಟ್ಟರೆ ಇನ್ಯಾರೂ ಇಲ್ಲ. ಸಂಜೆ ಅದೇ ಸಿಟ್ಟು ವ್ಯಾನ್ ಹತ್ತಿ ಮನೆಗೆ ಹೋಗುತ್ತದೆ, ಮಕ್ಕಳ ಹತ್ತಿರಕ್ಕೆ.

ನಾನು ಮೈಸೂರು ರಸ್ತೆ ಕಡೆಯ ಒಂದು ಶರ್ಟ್ ಫ್ಯಾಕ್ಟರಿಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಟೈಲರ್ ಆಗಿ ಸೇರಿ, ಕಾಲರ್ ಸೆಕ್ಷನ್‌ನಲ್ಲಿ ವರ್ಷಗಟ್ಟಲೆ ಕೂತು, ಸೂಪರ್‌ವೈಸರ್ ಆಗಿ, ಇನ್‌ಚಾರ್ಜ್ ಆಗಿ ಇಲ್ಲಿಗೆ ಬಂದವಳು. ಬೈಗುಳ ಮೇಲಿಂದ ಕೆಳಕ್ಕೆ ಹೇಗೆ ಇಳಿಯುತ್ತದೆ ಅಂತ ಪ್ರತಿ ಮೆಟ್ಟಿಲಲ್ಲೂ ನಿಂತು ನೋಡಿದ್ದೇನೆ. ಅದಕ್ಕೇ ಈ ಜವಾಬ್ದಾರಿ ಬಂದಾಗ ಮೊದಲು ಒಂದು ತೀರ್ಮಾನ ಮಾಡಿಕೊಂಡೆ. ನನ್ನ ನಿದ್ದೆ, ನನ್ನ ಊಟ, ನನ್ನ ಆರೋಗ್ಯ ಇವೆಲ್ಲ ಫ್ಲೋರಿನ ಕೆಲಸದ ಭಾಗ. ಮೆಷಿನ್‌ಗೆ ಎಣ್ಣೆ ನೋಡುವ ಹಾಗೆ ಇದನ್ನೂ ನೋಡಲೇಬೇಕು.

ಯಾಕೆ ಹಾಗೆ ಅನ್ನಿಸಿತು ಅಂತ ಹೇಳುತ್ತೇನೆ. ನಾನು ಸೂಪರ್‌ವೈಸರ್ ಆಗಿದ್ದ ಕಾಲದಲ್ಲಿ ಒಬ್ಬ ಮ್ಯಾನೇಜರ್ ಇದ್ದರು. ಕೆಲಸದಲ್ಲಿ ಬಹಳ ಗಟ್ಟಿಗರು. ಮೆಷಿನ್ ಸದ್ದು ಕೇಳಿಯೇ ಏನು ತೊಂದರೆ ಅಂತ ಹೇಳುತ್ತಿದ್ದರು. ಆದರೆ ಬೆನ್ನು ನೋವು, ರಾತ್ರಿ ನಿದ್ದೆ ಇಲ್ಲ, ಮಧ್ಯಾಹ್ನದ ಊಟ 3 ಗಂಟೆಗೋ 4 ಗಂಟೆಗೋ. ಸಂಜೆ ಆಯಿತು ಅಂದರೆ ಅವರ ಹತ್ತಿರ ಹೋಗಲು ಎಲ್ಲರಿಗೂ ಭಯ. ಒಬ್ಬೊಬ್ಬರು ಶರ್ಟಿನ ಒಂದೊಂದು ಭಾಗ ಹೊಲಿದು ಮುಂದಿನವರಿಗೆ ಕೊಡುವ ಮೆಷಿನ್ ಸಾಲಿಗೆ ನಾವು ಲೈನ್ ಅನ್ನುತ್ತೇವೆ. ಒಂದು ಸಲ ಪಕ್ಕದ ಲೈನಿನಲ್ಲಿ ಕಾಲರ್ ತುದಿ ಎರಡೂ ಕಡೆ ಸಮ ಬರುತ್ತಿರಲಿಲ್ಲ. ಟೈಲರ್‌ಗೆ ಗೊತ್ತು, ಚೆಕ್ಕಿಂಗ್‌ನವರಿಗೆ ಗೊತ್ತು, ಸೂಪರ್‌ವೈಸರ್‌ಗೂ ಗೊತ್ತು. ಈಗ ಹೇಳಿದರೆ ಕೂಗಾಡುತ್ತಾರೆ, ಬೆಳಗ್ಗೆ ನೋಡೋಣ ಅಂತ ಬಿಟ್ಟರು. ಬೆಳಗಾಗುವಷ್ಟರಲ್ಲಿ ಬಂಡಲ್‌ಗಟ್ಟಲೆ ಪೀಸ್‌ಗೆ ಆ ಕಾಲರ್ ಅಟ್ಯಾಚ್ ಆಗಿ ಮುಂದಕ್ಕೆ ಹೋಗಿತ್ತು. ಎಲ್ಲವನ್ನೂ ಬಿಚ್ಚಿ ಆಲ್ಟರ್, ಅಂದರೆ ಮತ್ತೆ ಹೊಲಿದು ಸರಿ ಮಾಡಬೇಕಾಯಿತು. ಆ ಮನುಷ್ಯ ಕೆಟ್ಟವರಲ್ಲ. ಹಸಿದಿದ್ದರು, ನೋವಿನಲ್ಲಿದ್ದರು, ಅವರನ್ನು ವಿಚಾರಿಸುವವರು ಯಾರೂ ಇರಲಿಲ್ಲ. ಆದರೆ ಅವರ ದಣಿವಿನಿಂದಾಗಿ ಕೆಟ್ಟ ಸುದ್ದಿ ಅವರನ್ನು ತಲುಪುವುದೇ ನಿಂತುಹೋಗಿತ್ತು, ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ.

ಇಲ್ಲಿ ಕಾನೂನಿನ ಒಂದು ವಿಷಯವೂ ಇದೆ, ಜಾಸ್ತಿ ಜನ ಗಮನಿಸಿರುವುದಿಲ್ಲ. 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ವಾರಕ್ಕೆ 48 ಗಂಟೆಯ ಮಿತಿ, ಊಟಕ್ಕೆ ಕನಿಷ್ಠ ಅರ್ಧ ಗಂಟೆ ಬಿಡುವು, ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ ಅಂತ ಬರೆದಿದ್ದರು. ಆದರೆ ಅದೇ ಕಾಯ್ದೆಯ 64ನೇ ಸೆಕ್ಷನ್, ಮೇಲ್ವಿಚಾರಣೆ ಮಾಡುವವರು ಮತ್ತು ಮ್ಯಾನೇಜರ್‌ಗಳನ್ನು ಈ ಸಮಯದ ನಿಯಮಗಳಿಂದ ಹೊರಗಿಡಲು ರಾಜ್ಯ ಸರ್ಕಾರಕ್ಕೆ ಅವಕಾಶ ಕೊಟ್ಟಿತು. ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ ಇಎಸ್‌ಐ ಕಥೆಯೂ ಅಷ್ಟೇ. 2017ರಿಂದ ಅದರ ಮಿತಿ ತಿಂಗಳಿಗೆ 21,000 ರೂಪಾಯಿ ಸಂಬಳ. ಟೈಲರ್‌ಗೆ ಇಎಸ್‌ಐ ಕಾರ್ಡ್ ಇರುತ್ತದೆ, ಸಂಬಳ ಅದನ್ನು ದಾಟಿದ ಸೂಪರ್‌ವೈಸರ್‌ಗೆ ಇರುವುದಿಲ್ಲ. ಅಂದರೆ ಬೈಯುವ ಜಾಗದಲ್ಲಿ ಇರುವವರ ವಿಶ್ರಾಂತಿ, ಆರೋಗ್ಯ ಅವರವರ ಪಾಡಿಗೆ ಬಿಟ್ಟಿದ್ದು. ಹಾಗೆ ಬಿಟ್ಟಿದ್ದರ ಫಲ ಉಣ್ಣುವುದು ಮೆಷಿನ್ ಮುಂದೆ ಕೂತವರು.

ನಾನು ಮೊದಲು ಹಿಡಿದದ್ದು ಊಟ. ಬೆಲ್ ಆದ ತಕ್ಷಣ ಡಬ್ಬಿ ಹಿಡಿದು ಕ್ಯಾಂಟೀನಿಗೆ ಹೋಗುತ್ತೇನೆ, ಎಲ್ಲರ ಜೊತೆ ಕೂತು ತಿನ್ನುತ್ತೇನೆ. ಶುರುವಿನಲ್ಲಿ ಎಲ್ಲರಿಗೂ ಮುಜುಗರ. ನಮ್ಮ ಫ್ಲೋರಿನಲ್ಲಿ ಸೂಪರ್‌ವೈಸರ್ ಅಂದರೆ ಊಟದ ಹೊತ್ತಲ್ಲೂ ಬಾಕಿ ಪೀಸ್ ಎಣಿಸುತ್ತಾ ಓಡಾಡಬೇಕು, ಇಲ್ಲದಿದ್ದರೆ ಕೆಲಸಗಳ್ಳ ಅನ್ನಿಸುತ್ತದೆ ಅನ್ನುವ ಭಾವನೆ ಇತ್ತು. ಮ್ಯಾನೇಜರ್ ಕೂತು ಮುದ್ದೆ ತಿನ್ನುವುದನ್ನು ನೋಡಿದ ಮೇಲೆ ಒಬ್ಬೊಬ್ಬರೇ ಬಂದು ಕೂತರು. ನಾನು ಯಾರಿಗೂ ಹೇಳಲಿಲ್ಲ, ಸರ್ಕ್ಯುಲರ್ ಹಾಕಲಿಲ್ಲ. ಊಟದ ಮೇಜಿನಲ್ಲಿ ಮೀಟಿಂಗ್‌ನಲ್ಲಿ ಬಾರದ ಮಾತು ಬರುತ್ತದೆ. "ಮೇಡಂ, ಮೂರನೇ ಲೈನಲ್ಲಿ ಕಫ್‌ಗೆ ಕೂತಿರೋ ಅಕ್ಕನಿಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ, ಅದಕ್ಕೇ ಆಲ್ಟರ್ ಜಾಸ್ತಿ" ಅಂತ ಒಬ್ಬ ಸೂಪರ್‌ವೈಸರ್ ಹೇಳಿದ್ದು ಅಲ್ಲೇ. ಕನ್ನಡಕ ಮಾಡಿಸಿದ ಮೇಲೆ ಆ ಆಲ್ಟರ್ ನಿಂತಿತು.

ಆಮೇಲೆ ನೀರು. ಇದನ್ನು ನಾನು ಜೋರಾಗಿಯೇ ಹೇಳಬೇಕು. ಹೊಲಿಗೆ ಲೈನಿನ ಎಷ್ಟೋ ಹೆಂಗಸರು ಬೇಕಂತಲೇ ನೀರು ಕುಡಿಯುವುದಿಲ್ಲ. ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು, ಎದ್ದರೆ ಮೆಷಿನ್ ಮುಂದೆ ಪೀಸ್ ಗುಡ್ಡೆ ಬೀಳುತ್ತದೆ, ಸೂಪರ್‌ವೈಸರ್ ಗೊಣಗುತ್ತಾರೆ. ಆಮೇಲೆ ಉರಿಮೂತ್ರ, ಸೋಂಕು, ರಜೆ. ನಾನೂ ಟೈಲರ್ ಆಗಿದ್ದಾಗ ಇದನ್ನೆಲ್ಲ ಅನುಭವಿಸಿದವಳು. ಈಗ ಫ್ಲೋರಿನಲ್ಲಿ ಓಡಾಡುವಾಗ ಕೈಯಲ್ಲಿ ನೀರಿನ ಬಾಟಲಿ ಇರುತ್ತದೆ, ಎಲ್ಲರ ಎದುರಿಗೇ ಕುಡಿಯುತ್ತೇನೆ, "ಟಾಯ್ಲೆಟ್‌ಗೆ ಹೋಗಿ ಬರ್ತೀನಿ, ಆಮೇಲೆ ಮಾತಾಡೋಣ" ಅಂತ ಸೂಪರ್‌ವೈಸರ್‌ಗಳಿಗೆ ಸಹಜವಾಗಿ ಹೇಳುತ್ತೇನೆ. ನನ್ನನ್ನು ಕೇಳದವರು ಟೈಲರ್‌ನ ಯಾಕೆ ಕೇಳುತ್ತಾರೆ? ಜೊತೆಗೆ ಎರಡು ಲೈನಿಗೆ ಒಬ್ಬ ಫ್ಲೋಟರ್‌ನ ಖಾಯಂ ಇಟ್ಟೆ, ಎದ್ದವರ ಮೆಷಿನ್‌ನಲ್ಲಿ ಕೂರಲು. ಆ ಫ್ಲೋಟರ್ ಇಲ್ಲದಿದ್ದರೆ ನನ್ನ ಬಾಟಲಿಯಿಂದ ಏನೂ ಆಗುತ್ತಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ನಿದ್ದೆಯ ವಿಷಯ ಸ್ವಲ್ಪ ಕಷ್ಟದ್ದು. ನಮ್ಮ ಬೈಯರ್‌ಗಳು ಅಮೆರಿಕದವರು. ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ 10 ಗಂಟೆ ಆದಾಗ ನಮಗೆ ಬೇಸಿಗೆಯಲ್ಲಿ ಸಂಜೆ 7.30, ಚಳಿಗಾಲದಲ್ಲಿ ರಾತ್ರಿ 8.30. ಅವರ ದಿನ ಶುರುವಾಗುವಾಗ ನಮ್ಮ ದಿನ ಮುಗಿದಿರುತ್ತದೆ. ಅವರ ಮೇಲ್ ಬೈಯರ್ ಜೊತೆ ಆರ್ಡರ್ ಮಾತಾಡುವ ನಮ್ಮ ಮರ್ಚಂಡೈಸರ್‌ಗೆ, ಅಲ್ಲಿಂದ ವಾಟ್ಸಾಪ್ ಗ್ರೂಪ್‌ಗೆ, ಅಲ್ಲಿಂದ ನನ್ನ ದಿಂಬಿನ ಹತ್ತಿರಕ್ಕೆ. ನಾನು ಜನರಲ್ ಮ್ಯಾನೇಜರ್ (ಜಿಎಂ) ಜೊತೆ ಕೂತು ಬಾಯಿ ಬಿಟ್ಟು ಮಾತಾಡಿದೆ. ಬೆಂಕಿ, ಅಪಘಾತ, ಆ ರಾತ್ರಿಯೇ ಹೋಗಬೇಕಾದ ಲೋಡ್, ಇವಕ್ಕೆ ಫೋನ್ ಮಾಡಿ, ಎಷ್ಟು ಹೊತ್ತಿಗಾದರೂ ಎತ್ತುತ್ತೇನೆ. ಉಳಿದದ್ದಕ್ಕೆ ಬೆಳಗ್ಗೆ 8ಕ್ಕೆ ಉತ್ತರ ಬರುತ್ತದೆ. ಅವರು ಒಪ್ಪಿದರು, ಯಾಕೆಂದರೆ ನಾನು ಇನ್ನೊಂದು ಮಾತೂ ಹೇಳಿದ್ದೆ: ರಾತ್ರಿ 11ಕ್ಕೆ ನಾನು ಕೊಡುವ ಉತ್ತರದಿಂದ ಒಂದು ಪೀಸೂ ಹೊಲಿಯುವುದಿಲ್ಲ, ಲೈನ್ ಶುರುವಾಗುವುದೇ ಬೆಳಗ್ಗೆ. ಅದೇ ನಿಯಮ ನನ್ನ ಕೆಳಗಿನವರಿಗೂ ಇಟ್ಟೆ. ರಾತ್ರಿ ನಾನು ಸೂಪರ್‌ವೈಸರ್‌ಗಳ ಗ್ರೂಪ್‌ಗೆ ಏನೂ ಹಾಕುವುದಿಲ್ಲ. ಏನಾದರೂ ಹೊಳೆದರೆ ಡೈರಿಯಲ್ಲಿ ಬರೆದಿಡುತ್ತೇನೆ.

ನಿದ್ದೆ ಮಾಡಿ ಬಂದ ತಲೆಗೂ ಮಾಡದ ತಲೆಗೂ ಇರುವ ವ್ಯತ್ಯಾಸ ಹೊಸ ಸ್ಟೈಲ್ ಲೋಡ್ ಆದ ದಿನ, ಅಂದರೆ ಹೊಸ ಮಾದರಿಯ ಶರ್ಟ್ ಲೈನಿಗೆ ಬಂದ ದಿನ ಕಾಣುತ್ತದೆ. ಒಂದು ಶರ್ಟ್‌ಗೆ 20 ನಿಮಿಷದ ಕೆಲಸ, ಲೈನಿನಲ್ಲಿ 40 ಜನ, ದಿನಕ್ಕೆ 480 ನಿಮಿಷ ಅಂತಿಟ್ಟುಕೊಳ್ಳಿ. ಕಾಗದದ ಲೆಕ್ಕಕ್ಕೆ 960 ಪೀಸ್. 50 ಪರ್ಸೆಂಟ್ ಎಫಿಷಿಯನ್ಸಿಯಲ್ಲಿ 480, ಗಂಟೆಗೆ 60. ಮೊದಲ ದಿನ ಕೈ ಕೂರುವ ತನಕ ಅದರ ಅರ್ಧ ಬಂದರೂ ದೊಡ್ಡದು. ಇದು ಎಲ್ಲ ಮ್ಯಾನೇಜರ್‌ಗೂ ಗೊತ್ತಿರುವ ಲೆಕ್ಕ. ಆದರೂ ದಣಿದವರು ಬೋರ್ಡಿನಲ್ಲಿ 60 ಬರೆಸಿ, ಮೊದಲ ಗಂಟೆಗೆ 22 ಬಂದಿದ್ದು ನೋಡಿ ಕಿರುಚುತ್ತಾರೆ. ಕಿರುಚಿದ ಮೇಲೆ ಕೈ ನಡುಗುತ್ತದೆ, ಕೈ ನಡುಗಿದರೆ ಸೂಜಿ ಬೆರಳಿಗೆ. ನಾನು ಮೊದಲ ಮೂರು ದಿನಕ್ಕೆ ಬೇರೆ ಬೇರೆ ಟಾರ್ಗೆಟ್ ಬರೆಸುತ್ತೇನೆ, ಮೆಟ್ಟಿಲ ಥರ. ಬೋರ್ಡಿನಲ್ಲಿ ಬರೆದದ್ದು ಮುಟ್ಟಿದರೆ ಲೈನಿಗೆ ಹುಮ್ಮಸ್ಸು ಬರುತ್ತದೆ, ನಾಲ್ಕನೇ ದಿನ ಅದೇ ಲೈನ್ ಕೇಳದೆಯೇ ಓಡುತ್ತದೆ. ಪೀಸ್ ತೀರಾ ಕಡಿಮೆ ಬಂದಾಗ ನೇರ ಲೈನಿಗೆ ಹೋಗುವುದಿಲ್ಲ. ಮೊದಲು ಕಟಿಂಗ್‌ಗೆ ಹೋಗಿ ಫೀಡಿಂಗ್, ಅಂದರೆ ಕತ್ತರಿಸಿದ ಬಟ್ಟೆ ಲೈನಿಗೆ ಬರುವುದು, ಸರಿಯಾಗಿದೆಯಾ ನೋಡುತ್ತೇನೆ. ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ. ಅಷ್ಟರಲ್ಲಿ ನನ್ನ ಉಸಿರೂ ಸರಿಹೋಗಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ) ಸೇರಿ 2021ರಲ್ಲಿ ಒಂದು ಅಂದಾಜು ಕೊಟ್ಟವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಮತ್ತು ಅದಕ್ಕೂ ಮೇಲೆ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ 35 ಪರ್ಸೆಂಟ್ ಜಾಸ್ತಿ, ಹೃದ್ರೋಗದಿಂದ ಸಾಯುವ ಅಪಾಯ 17 ಪರ್ಸೆಂಟ್ ಜಾಸ್ತಿ. ಶಿಪ್‌ಮೆಂಟ್ ವಾರದಲ್ಲಿ 55 ಗಂಟೆ ದಾಟುವ ಇನ್‌ಚಾರ್ಜ್‌ಗಳು ನಮ್ಮ ಸುತ್ತ ಎಷ್ಟು ಜನ ಇದ್ದಾರೆ, ಅಲ್ವಾ? ಈ ಅಂಕಿ ಇಟ್ಟುಕೊಂಡೇ ನಾನು ಎಚ್‌ಆರ್ ಹತ್ತಿರ ಹೋಗಿ ಸೂಪರ್‌ವೈಸರ್‌ಗಳಿಗೂ ವರ್ಷಕ್ಕೊಮ್ಮೆ ಬಿಪಿ, ಶುಗರ್ ಚೆಕಪ್ ಮಾಡಿಸಿದೆ. ಮೊದಲು ತೋಳು ಚಾಚಿದ್ದು ನಾನು. ಬಿಪಿ ಜಾಸ್ತಿ ಇದೆ ಅಂತ ಬಂತು. ಅದನ್ನು ಮುಚ್ಚಿಡಲಿಲ್ಲ. ಈಗ ಬೆಳಗ್ಗೆ ಮಾತ್ರೆ, ಸಂಜೆ ನಡಿಗೆ, ಉಪ್ಪಿನಕಾಯಿ ಕಡಿಮೆ.

ಮನಸ್ಸಿನ ಮಾತಿಗೆ ಬರೋಣ. ಅಮ್ಮ ತೀರಿಕೊಂಡ ಮೇಲೆ ನನಗೆ ರಾತ್ರಿ ಎಚ್ಚರವಾಗುತ್ತಿತ್ತು, ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. 14416ಕ್ಕೆ ಫೋನ್ ಮಾಡಿದೆ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಕನ್ನಡದಲ್ಲೇ ಮಾತಾಡಿದರು, ಅವಸರ ಮಾಡಲಿಲ್ಲ. ಮಾರನೇ ವಾರದ ಸೂಪರ್‌ವೈಸರ್ ಮೀಟಿಂಗ್‌ನಲ್ಲಿ ನಾನು ಫೋನ್ ಮಾಡಿದ್ದನ್ನು ಹೇಳಿ, ನಂಬರನ್ನು ನೋಟೀಸ್ ಬೋರ್ಡಿನಲ್ಲಿ ಬರೆಸಿದೆ. ಯಾರು ಮಾಡಿದರು, ಯಾರು ಮಾಡಲಿಲ್ಲ ಅಂತ ನಾನು ವಿಚಾರಿಸುವುದಿಲ್ಲ, ವಿಚಾರಿಸಬಾರದು. ಆದರೆ ಆ ಮೀಟಿಂಗ್ ಆದ ಮೇಲೆ ಒಬ್ಬ ಸೂಪರ್‌ವೈಸರ್ ಒಂದು ಸಂಜೆ ಬಂದು, "ಮೇಡಂ, ಮನೇಲಿ ಸ್ವಲ್ಪ ಕಷ್ಟ ನಡೀತಿದೆ, ಎರಡು ದಿನ ನನ್ನ ಮಾತು ಒರಟಾಗಿದ್ರೆ ನೀವೇ ಕರೆದು ಹೇಳಿ" ಅಂದರು. ಅಷ್ಟು ಹೇಳಲು ಒಬ್ಬ ಗಂಡಸಿಗೆ ನಮ್ಮ ಫ್ಲೋರಿನಲ್ಲಿ ಧೈರ್ಯ ಬಂತಲ್ಲ, ನನಗೆ ಅದು ಬಹಳ ದೊಡ್ಡದು.

ರಜೆಯ ವಿಷಯದಲ್ಲೂ ಹೀಗೇ. ಜ್ವರ ಬಂದರೆ ಹಿಂದಿನ ಸಂಜೆಯೇ ಹೇಳಿ ರಜೆ ಹಾಕುತ್ತೇನೆ, ಜ್ವರದಲ್ಲೇ ಬಂದು ಕೂರುವುದಿಲ್ಲ. ಈಗ ಟೈಲರ್‌ಗಳು ಕೂಡ "ಮೇಡಂ, ನಾಳೆ ಬರಕ್ಕಾಗಲ್ಲ" ಅಂತ ಸಂಜೆ ಹೇಳಿ ಹೋಗುತ್ತಾರೆ. ಗಾರ್ಮೆಂಟ್ಸ್‌ನವರಿಗೆ ಇದರ ಬೆಲೆ ಗೊತ್ತು. ಕಾಲರ್ ಅಟ್ಯಾಚ್ ಮಾಡುವವರು ನಾಳೆ ಇಲ್ಲ ಅಂತ ಇವತ್ತೇ ಗೊತ್ತಾದರೆ ಲೈನ್ ಹೊಂದಿಸಬಹುದು, ಬೆಳಗ್ಗೆ 9ಕ್ಕೆ ಗೊತ್ತಾದರೆ ಆ ದಿನ ಹೋಯಿತು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಮ್ಯಾನೇಜರ್ ಚೆನ್ನಾಗಿ ನಿದ್ದೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮುಗಿಸಲಾಗದ ತಾರೀಕಿಗೆ ಆರ್ಡರ್ ಒಪ್ಪಿಕೊಂಡು ಬಂದರೆ ಯಾರ ವಾಕಿಂಗೂ ಅದನ್ನು ಸರಿ ಮಾಡುವುದಿಲ್ಲ. ಜೂನ್ 21ಕ್ಕೆ ಎಲ್ಲರಿಗೂ ಯೋಗ ಮಾಡಿಸಿ ಅದೇ ಸಂಜೆ ಓವರ್‌ಟೈಮ್‌ಗೆ ಕೂರಿಸುವುದು ತಪ್ಪು, ಅದನ್ನು ಆರೋಗ್ಯದ ಕೆಲಸ ಅಂತ ಕರೆಯಬಾರದು. ನನಗೆ ನಿದ್ದೆ, ಊಟ ಸರಿಯಾದ ಮೇಲೆ ಆದ ಉಪಯೋಗ ಅಂದರೆ ಪ್ಲಾನಿಂಗ್ ಮೀಟಿಂಗ್‌ನಲ್ಲಿ "ಈ ತಾರೀಕಿಗೆ ಆಗಲ್ಲ ಸರ್, ಲೆಕ್ಕ ಇಲ್ಲಿದೆ" ಅಂತ ಸಿಟ್ಟಿಲ್ಲದೆ, ಅಂಜದೆ ಹೇಳಲು ಶಕ್ತಿ ಬಂದದ್ದು. ಕೆಲವು ಸಲ ತಾರೀಕು ಬದಲಾಗಿದೆ, ಕೆಲವು ಸಲ ಕೆಲಸವನ್ನು ಬೇರೆ ಯೂನಿಟ್ ಜೊತೆ ಹಂಚಿಕೊಂಡಿದ್ದೇವೆ, ಕೆಲವು ಸಲ ನನ್ನ ಮಾತು ನಡೆದಿಲ್ಲ.

ಈಗ ಹಿಡಿದಿರುವ ಕೆಲಸ ಸೂಪರ್‌ವೈಸರ್‌ಗಳಿಗೆ ರಿಲೀವರ್ ಕೊಡುವುದು. ಟೈಲರ್ ಎದ್ದರೆ ಫ್ಲೋಟರ್ ಕೂರುತ್ತಾರೆ, ಸೂಪರ್‌ವೈಸರ್ ರಜೆ ಹಾಕಿದರೆ ಪಕ್ಕದ ಲೈನಿನವರು ಎರಡೂ ಲೈನ್ ನೋಡಬೇಕು. ಅದಕ್ಕೇ ಅವರು ರಜೆ ಕೇಳಲು ಹಿಂಜರಿಯುತ್ತಾರೆ. ಹಳೇ ಟೈಲರ್‌ಗಳಲ್ಲಿ ಆಸಕ್ತಿ ಇರುವ ಇಬ್ಬರು ಹೆಂಗಸರಿಗೆ ಲೈನ್ ನಡೆಸುವುದನ್ನು ಕಲಿಸುತ್ತಿದ್ದೇನೆ. ಅವರ ಸಂಬಳವನ್ನು ಲೈನಿನ ಖರ್ಚಿಗೆ ಹಾಕಬೇಕೋ ಫ್ಲೋರಿನ ಖರ್ಚಿಗೋ ಅಂತ ಅಕೌಂಟ್ಸ್‌ನವರ ಜೊತೆ ಇನ್ನೂ ಮಾತು ನಡೆದಿದೆ. ನಿಮ್ಮ ಯೂನಿಟ್‌ನಲ್ಲಿ ಇದನ್ನು ಮಾಡಿದ್ದರೆ ಯಾವ ಲೆಕ್ಕಕ್ಕೆ ಹಾಕಿದಿರಿ ಅಂತ ತಿಳಿಸಿ, ನನಗೆ ನಿಜವಾಗಿಯೂ ಬೇಕಾಗಿದೆ.