ಮೀನಿಗೆ ಮೈನಸ್ ಬೇಡ: ಮಲ್ಪೆಯಿಂದ ಬೆಂಗಳೂರಿಗೆ ನನ್ನ ಚಿಲ್ಲರ್ ಗಾಡಿ

ಮಲ್ಪೆ ಬಂದರಿನ ಧಕ್ಕೆಯಲ್ಲಿ ಮೊದಲ ಸಲ ಮೀನು ಸಾಗಿಸುವ ಈ ಎಸಿ ಬಾಕ್ಸಿನ ಗಾಡಿ ತಂದು ನಿಲ್ಲಿಸಿದಾಗ ಐಸ್ ಲಾರಿಯ ಮಾವ ಒಬ್ಬರು ಸುತ್ತು ಹಾಕಿ ನೋಡಿದರು. "ಐಸ್ ಹಾಕಿದ ಮೇಲೆ ಎಸಿ ಬೇರೆ ಎಂತಕ್ಕೆ ಮಾರಾಯ? ಮೀನಿಗೆ ಮದುವೆಯಾ?" ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ಮೊದಲ ಸೀಸನ್‌ನಲ್ಲಿ ನಾನು ಕಳೆದುಕೊಂಡ ದುಡ್ಡು ನೋಡಿದರೆ ಅವರು ನಕ್ಕದ್ದು ಸರಿಯೇ ಇತ್ತು. ಈಗ ಮೂರನೇ ಸೀಸನ್. ವಾರಕ್ಕೆ ನಾಲ್ಕು ಟ್ರಿಪ್. ಬೆಂಗಳೂರಿನ ಹೋಟೆಲಿನವರು ನನ್ನ ಅಂಜಲ್, ಮಾಂಜಿಗೆ ಐಸ್ ಲಾರಿಯ ಮೀನಿಗಿಂತ ಕಿಲೋಗೆ 25–30 ರೂಪಾಯಿ ಜಾಸ್ತಿ ಕೊಡುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ನೀವೂ ಇದೇ ಕಸುಬಿನವರು. ಬಾಕ್ಸಿನ ಗೋಡೆಯೊಳಗೆ ಬಿಸಿ ತಡೆಯುವ ಫೋಮ್ ಪಫ್, ಒಳಗೆ ತಣ್ಣಗೆ ಮಾಡುವ ಮೆಷಿನ್ ಯುನಿಟ್, ಅಷ್ಟು ಸಾಕು, ಅವು ಹೇಗೆ ಓಡುತ್ತವೆ ಎಂದೆಲ್ಲ ಹೇಳುವುದಿಲ್ಲ.

ನನ್ನ ಮೊದಲ ತಪ್ಪು ಸೆಕೆಂಡ್ ಹ್ಯಾಂಡ್ ಬಾಕ್ಸ್. 60 ಎಂಎಂ ಗೋಡೆ, 90 ಸಾವಿರಕ್ಕೆ ಸಿಕ್ಕಿತು. ಒಳಗೆ ಬಿಳಿ ಶೀಟು ಫಳಫಳ ಅನ್ನುತ್ತಿತ್ತು. ಹಿಂದಿನವನು ಹ್ಯಾಂಗರ್ ಹಾಕಲು ಡ್ರಿಲ್ ಮಾಡಿ, ಆಮೇಲೆ ತೂತಿಗೆ ಎಂಥದೋ ಪೇಸ್ಟ್ ಮೆತ್ತಿದ್ದ. ಆ ತೂತಿನಿಂದ ನೀರು ಇಳಿದು ಪಫ್ ಎಲ್ಲ ಸ್ಪಂಜಿನ ಹಾಗೆ ಆಗಿತ್ತು. ಎಷ್ಟು ಐಸ್ ಹಾಕಿದರೂ ಹಾಸನ ದಾಟುವಷ್ಟರಲ್ಲಿ ನೀರು. ಕೊನೆಗೆ ಒಂದು ದಿನ ವೇ ಬ್ರಿಜ್‌ಗೆ ಹತ್ತಿಸಿದೆ. ಇರಬೇಕಾದ್ದಕ್ಕಿಂತ ಸುಮಾರು 180 ಕಿಲೋ ಹೆಚ್ಚು. ಅಷ್ಟೂ ಗೋಡೆ ಕುಡಿದ ನೀರು. ಹಳೆ ಬಾಕ್ಸ್ ತೆಗೆದುಕೊಳ್ಳುವವರು ಮೊದಲು ತೂಗಿ. ಮತ್ತೆ ನಡು ಮಧ್ಯಾಹ್ನ ಒಳಗೆ ಹೋಗಿ ಬಾಗಿಲು ಹಾಕಿಸಿಕೊಳ್ಳಿ. ಹೊರಗೆ ಒಬ್ಬ ನಂಬಿಕೆಯವನು ಇರಲಿ, ಒಳಗಿನಿಂದ ಬಾಗಿಲು ತೆಗೆಯಲು ಆಗುವುದಿಲ್ಲ. ಎಲ್ಲಾದರೂ ಬೆಳಕಿನ ಗೆರೆ ಕಂಡರೆ ಆ ಬಾಕ್ಸ್ ಬೇಡ.

ಆಮೇಲೆ ಹಟ ಹಿಡಿದು ಹೊಸದೇ ಮಾಡಿಸಿದೆ. 1.7 ಟನ್ ಕ್ಲಾಸಿನ ಹಳೆ ಪಿಕಪ್ ಸುಮಾರು 5.5 ಲಕ್ಷ, 100 ಎಂಎಂ ಬಾಕ್ಸ್ 2.5 ಲಕ್ಷದ ಹತ್ತಿರ, ಯುನಿಟ್ 3 ಲಕ್ಷ ಚಿಲ್ಲರೆ. ಕಂತು ತಿಂಗಳಿಗೆ 20 ಸಾವಿರ. ಮೈನಸ್ 20 ಹೋಗುವ ಯುನಿಟ್ಟೇ ಹಾಕಿಸು ಎಂದು ಮಾರುವವರು ತುಂಬಾ ಒತ್ತಾಯ ಮಾಡಿದರು. ಐಸ್‌ಕ್ರೀಮ್ ಸಾಗಿಸುವವರಿಗೆ ಅದು ಬೇಕೇ ಬೇಕು. ನನಗೆ ಸೊನ್ನೆಯ ಆಸುಪಾಸಿನಲ್ಲಿ ಇಡುವ ಚಿಲ್ಲರ್ ಸಾಕು ಅಂದೆ. ಆ ದುಡ್ಡನ್ನು ಗೋಡೆಯ ದಪ್ಪಕ್ಕೆ, ಗಾಡಿ ನಿಂತಾಗ ಯುನಿಟ್ಟನ್ನು ಕರೆಂಟಿನಲ್ಲಿ ಓಡಿಸುವ ಸ್ಟ್ಯಾಂಡ್‌ಬೈ ಮೋಟಾರಿಗೆ ಹಾಕಿದೆ. ಇವತ್ತಿಗೂ ಅದು ನಾನು ಮಾಡಿದ ಒಳ್ಳೆ ಲೆಕ್ಕ.

ಆದರೆ ಓಡಿಸುವುದು ಗೊತ್ತಿರಲಿಲ್ಲ. ಚಿಲ್ಲರ್ ಆದರೂ ಮೈನಸ್ 5ರವರೆಗೆ ಹೋಗುತ್ತಿತ್ತು. ತಣ್ಣಗಿದ್ದಷ್ಟು ಒಳ್ಳೆಯದಲ್ವಾ ಎಂದು ಅಲ್ಲಿಗೇ ಇಟ್ಟೆ. ಬೆಳಗಿನ ಜಾವ ಬೆಂಗಳೂರಿನಲ್ಲಿ ಬಾಗಿಲು ತೆಗೆದರೆ ಬ್ಲೋವರ್ ಎದುರಿನ ಕ್ರೇಟುಗಳಲ್ಲಿ ಬಂಗುಡೆ ಅರ್ಧ ಕಲ್ಲು. ಕಣ್ಣು ಮಬ್ಬು. "ಇದು ಫ್ರೋಜನ್ ಮಾಲು" ಎಂದು ಕೊಳ್ಳುವವರು ಕಿಲೋಗೆ 40 ರೂಪಾಯಿ ಮುರಿದರು. ಒಂದೇ ಟ್ರಿಪ್ಪಿಗೆ 22 ಸಾವಿರ ಹೋಯಿತು. ತಾಜಾ ಮೀನಿಗೆ ಬೇಕಾದ್ದು ಕರಗುತ್ತಿರುವ ಐಸ್. ಅದು ಹನಿ ಹನಿಯಾಗಿ ಮೀನಿನ ಮೈಮೇಲೆ ಇಳಿಯಬೇಕು. ಆಗ ಮೀನು ಸೊನ್ನೆಯ ಹತ್ತಿರವೇ ಇರುತ್ತದೆ, ಹೊಳಪೂ ಉಳಿಯುತ್ತದೆ. ಮೈನಸ್‌ನಲ್ಲಿ ಐಸ್ ಕರಗುವುದೇ ಇಲ್ಲ, ಸುಮ್ನೆ ಕಲ್ಲಿನ ಹಾಗೆ ಕೂತಿರುತ್ತದೆ. ಈಗ ನನ್ನ ಸೆಟ್ಟಿಂಗ್ ಪ್ಲಸ್ 1. ಮೀನನ್ನು ಐಸ್ ಕಾಯುತ್ತದೆ, ಐಸನ್ನು ಗಾಡಿ ಕಾಯುತ್ತದೆ. ಮೊದಲು ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಹಾಕುತ್ತಿದ್ದೆ, ಈಗ ಅರ್ಧ ಕಿಲೋ ಸಾಕು.

ಇಲ್ಲಿ ತೂಕದ ಲೆಕ್ಕ ಯಾರೂ ಹೇಳುವುದಿಲ್ಲ. ಗಾಡಿ ಹೊರುವ 1,700 ಕಿಲೋದಲ್ಲಿ ಬಾಕ್ಸ್, ಯುನಿಟ್ ಸೇರಿ 600 ತಿಂದು ಹಾಕುತ್ತವೆ. ಐಸ್ 330, ಕ್ರೇಟು 50–60. ಉಳಿದದ್ದು ಮೀನು, 700 ಕಿಲೋ ಮುಟ್ಟಿದರೆ ಹೆಚ್ಚು. ಐಸ್ ಅರ್ಧ ಆದದ್ದಕ್ಕೇ ಕಂತು ಕಟ್ಟಲು ಆಗುತ್ತಿದೆ.

ಇನ್ನೊಂದು ಕಾಟ ಹಿಂದಿನ ಬಾಗಿಲಿನದ್ದು. ಡ್ರೈವರ್ ಎದುರಿನ ಡಿಸ್‌ಪ್ಲೇಯಲ್ಲಿ 2 ಡಿಗ್ರಿ, ಬಾಗಿಲ ಹತ್ತಿರದ ಕ್ರೇಟು ಬೆಚ್ಚಗೆ. 300 ರೂಪಾಯಿಯ ಮೂರು ಥರ್ಮಾಮೀಟರ್ ತಂದು ಮೂರು ಕಡೆ ಸಿಕ್ಕಿಸಿದೆ. ಹಿಂಬದಿಯಲ್ಲಿ 7 ಇತ್ತು! ಬಾಕ್ಸಿನ ಮಾಡಿಗೆ ತಾಗುವ ಹಾಗೆ ತುಂಬಿಸಿದ್ದೆ, ಗಾಳಿ ಹಿಂದೆ ಹೋಗುವುದಾದರೂ ಹೇಗೆ? ಈಗ ಮೇಲೆ ಒಂದು ಗೇಣು ಬಿಡುತ್ತೇನೆ, ಕ್ರೇಟಿನ ಕೆಳಗೆ ರೀಪು ಪಟ್ಟಿ ಹಾಕುತ್ತೇನೆ. ಲೋಡ್ ಮಾಡುವ ಎರಡು ಗಂಟೆ ಮೊದಲೇ ಮನೆ ಕರೆಂಟಿನಲ್ಲಿ ಬಾಕ್ಸ್ ತಣ್ಣಗೆ ಮಾಡುತ್ತೇನೆ. ಬಿಲ್ಲು ತಿಂಗಳಿಗೆ ಸಾವಿರ ಚಿಲ್ಲರೆ ಏರಿದೆ. ಬಾಗಿಲ ರಬ್ಬರಿಗೆ ವಾರಕ್ಕೊಮ್ಮೆ ಒಂದು ಸಾಮಾನು ಸವರುತ್ತೇನೆ. ಅದು ಎಂತದ್ದು ಎಂದು ಕೇಳಬೇಡಿ, ಎರಡು ವರ್ಷ ಹಾಳು ಮಾಡಿ ಕಂಡುಕೊಂಡದ್ದು.

ಮಾವನ ಮಾತಲ್ಲಿ ಅರ್ಧ ಸತ್ಯ ಇದೆ ಎಂದು ಗೊತ್ತಾದದ್ದು ಶಿರಾಡಿ ಘಾಟಿಯಲ್ಲಿ. ಒಂದು ಆಗಸ್ಟ್‌ನಲ್ಲಿ ದೋಣಿಗಲ್ ಹತ್ತಿರ ಗುಡ್ಡ ಜರಿದು ಐದು ಗಂಟೆ ನಿಂತೆವು. ಇಂಜಿನ್ ಐಡಲಿಂಗ್‌ನಲ್ಲಿ ಇದ್ದರೆ ಅದರಿಂದಲೇ ಓಡುವ ಯುನಿಟ್ಟಿನ ಕಂಪ್ರೆಸರ್ ಅರೆಜೀವ. ಒಳಗಿನ ಗಾಳಿ 6ಕ್ಕೆ ಏರಿತು. ಮೀನಿಗೆ ಏನೂ ಆಗಲಿಲ್ಲ, ಐಸ್ ಇತ್ತು. ಯುನಿಟ್ ಇದೆ ಎಂದು ಐಸ್ ಪೂರ್ತಿ ಬಿಟ್ಟಿದ್ದರೆ ಅವತ್ತು 2 ಲಕ್ಷದ ಮಾಲು ಕೆಂಪುಹೊಳೆಗೆ.

ಮೀನಿನ ನೀರು ರಸ್ತೆಗೆ ಬಿಡಬೇಡಿ, ಬೈಕಿನವರು ಜಾರಿ ಬೀಳುತ್ತಾರೆ. ನಾನು ಅಡಿಯಲ್ಲಿ 60 ಲೀಟರಿನ ಟ್ಯಾಂಕ್ ಕಟ್ಟಿಸಿದ್ದೇನೆ. ಅದಕ್ಕೆ ಹೋಗುವ ಪೈಪಿಗೆ ಒಂದು ಬಳುಕು ಕೊಡಿಸಿ. ಅಲ್ಲಿ ನೀರು ನಿಂತು ಬಿಸಿಗಾಳಿ ಒಳಗೆ ನುಗ್ಗುವುದಿಲ್ಲ. ಯುನಿಟ್ಟಿನ ಬಿಸಿ ಹೊರಹಾಕುವ ಕಂಡೆನ್ಸರ್‌ಗೆ ವಾರ ವಾರ ಸಿಹಿ ನೀರು ಹೊಡೆಯಿರಿ. ಕಡಲ ಉಪ್ಪಿಗೆ ನನ್ನದು ಎರಡೇ ವರ್ಷಕ್ಕೆ ಪುಡಿ ಪುಡಿ ಆಗಿ 28 ಸಾವಿರ ಹೋಯಿತು.

ಜೂನ್ 1ರಿಂದ ಜುಲೈ 31ರವರೆಗೆ ಮೀನು ಹಿಡಿಯುವ ಟ್ರಾಲ್ ಬೋಟ್ ಬಂದ್. ಕಂತು ಬಂದ್ ಇಲ್ಲ. ಮೊದಲ ಮಳೆಗಾಲದಲ್ಲಿ ತಲೆ ಓಡಿಸಿ ಶಂಕರಪುರ ಮಲ್ಲಿಗೆ ಐದು ಅಟ್ಟೆ (ಕಟ್ಟು) ಬೆಂಗಳೂರಿಗೆ ಕೊಂಡೊಯ್ದೆ. ಬಾಕ್ಸನ್ನು ಮೂರು ಸಲ ತೊಳೆದಿದ್ದೆ, ನಿಂಬೆ ಹಣ್ಣು ಉಜ್ಜಿದ್ದೆ. ತೆಗೆದುಕೊಂಡ ಅಕ್ಕ ಒಮ್ಮೆ ಮೂಸಿ, "ಬೂತಾಯಿ ಮೀನಿಗೆ ಮುಡಿಸು" ಎಂದು ವಾಪಸ್ ಕೊಟ್ಟರು. ಈಗ ಆ ಎರಡು ತಿಂಗಳು ಕೊಯ್ದು ಶುಚಿ ಮಾಡಿದ ಕೋಳಿ ಸಾಗಿಸುತ್ತೇನೆ, ಉಡುಪಿ, ಮಣಿಪಾಲ, ಕಾರ್ಕಳ. ಲಾಭ ಅಂತ ದೊಡ್ಡದಿಲ್ಲ, ಕಂತು ಮತ್ತು ಡ್ರೈವರ್ ಸಂಬಳ ಹೊರಡುತ್ತದೆ.

ಮೊನ್ನೆ ಅದೇ ಮಾವ ಸಿಕ್ಕಿದರು. ಅವರ ಮಗ 14 ಅಡಿ ಬಾಕ್ಸ್‌ನ ಗಾಡಿ ಬುಕ್ ಮಾಡಿದ್ದಾನಂತೆ. ನಿಧಾನಕ್ಕೆ ಪಕ್ಕಕ್ಕೆ ಕರೆದು, "ನೀನು ಎಷ್ಟಕ್ಕೆ ಇಡುವುದು?" ಎಂದು ಕೇಳಿದರು. ಪ್ಲಸ್ 1 ಎಂದು ಹೇಳಿದೆ. ರಬ್ಬರಿನದ್ದು ಹೇಳಲಿಲ್ಲ.